ಮೂರು ದಿನದ ಕೂಲಿಗೆ ಒಂದು ವೈಬ್ರೇಟರ್



ಹದಿನೈದು ದಿನದಿಂದ ಈ ಪೋಸ್ಟ್ ಬರೆದು ಅಳಿಸಿ, ಬರೆದು ಅಳಿಸಿ ಮಾಡ್ತಿದ್ದೀನಿ. ಇವತ್ತು ಹಾಕ್ತಿದ್ದೀನಿ. ಉದ್ದ ಇದೆ. ಮುಜುಗರ ಆಗೋರು ಇಲ್ಲೇ ನಿಲ್ಲಿಸಬಹುದು, ಬೇಜಾರಿಲ್ಲ. ಬ್ಲಾಕ್ ಮಾಡೋರೂ ಮಾಡಬಹುದು. ಒಂದೇ ವಿನಂತಿ, ಅರ್ಧ ಓದಿ ಸ್ಕ್ರೀನ್‌ಶಾಟ್ ತೆಗೆದು ಸಂಘಟನೆಯ ಗ್ರೂಪಲ್ಲಿ ಹಾಕಬೇಡಿ. ಹಾಕೋದಾದ್ರೆ ಪೂರ್ತಿ ಹಾಕಿ.

ಡಿಸೆಂಬರ್ 6ರ ಪರಿನಿಬ್ಬಾಣ ದಿನದ ಕಾರ್ಯಕ್ರಮ ಮುಗಿದ ಮಾರನೇ ವಾರ ನಮ್ಮ ತಾಲ್ಲೂಕಿನ ಪೌರಕಾರ್ಮಿಕ ಹೆಣ್ಣುಮಕ್ಕಳ ಜೊತೆ ಒಂದು ಆರೋಗ್ಯದ ಮೀಟಿಂಗ್ ಇತ್ತು. ಸಮುದಾಯ ಭವನದಲ್ಲಿ ಜಮಖಾನ ಹಾಸ್ಕೊಂಡು ಇಪ್ಪತ್ತು ಮೂವತ್ತು ಜನ ಕೂತಿದ್ವಿ. ಗ್ಲೌಸು, ಶೂ, ಪಿಎಫ್, ಸೊಂಟನೋವು, ಬಿಳಿಸೆರಗು, ಎಲ್ಲಾ ಮಾತಾಡಿದ್ವಿ. ಕೊನೆಗೆ ಎದ್ದು ಹೊರಡೋ ಹೊತ್ತಿಗೆ ಹಿಂದೆ ಗೋಡೆಗೆ ಒರಗಿ ಕೂತಿದ್ದ ಒಬ್ಬಳು, ನಲವತ್ತರ ಆಸುಪಾಸು ಇರಬಹುದು, ಸೆರಗನ್ನ ಬಾಯಿಗೆ ಅಡ್ಡ ಇಟ್ಕೊಂಡು ಕೇಳಿದಳು: "ಅಕ್ಕಾ, ಗರ್ಭಕೋಶ ತೆಗೆಸಿದ ಮೇಲೂ ಆಸೆ ಬಂದ್ರೆ ಅದು ಕಾಯಿಲೆನಾ?"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವಳೂ ನಕ್ಕಳು. ನಾನೂ ನಕ್ಕೆ. ಹಾಗೇ ನಗ್ತಾ ನಗ್ತಾ ಮೀಟಿಂಗ್ ಮುಗೀತು. ಬಸ್ಸಲ್ಲಿ ಕೂತ ಮೇಲೆ ನೆನಪಾಯ್ತು, ನಾನು ಉತ್ತರಾನೇ ಕೊಡಲಿಲ್ಲ. ಇಪ್ಪತ್ತು ವರ್ಷದಿಂದ ಮೈಕ್ ಹಿಡಿದು ಮಾತಾಡೋ ಹೆಂಗಸು ನಾನು. ಡಿಸಿ ಆಫೀಸ್ ಮುಂದೆ ಬಾಯಿ ಒಣಗೋವರೆಗೂ ಕೂಗಿದೀನಿ. ಆ ಪ್ರಶ್ನೆಗೆ ಮಾತ್ರ ಬಾಯಿ ಬರಲಿಲ್ಲ. ಯಾಕಂದ್ರೆ ಅವಳು ಕೇಳಿದ್ದು ನನ್ನದೇ ಪ್ರಶ್ನೆ.

ನನ್ನ ಗರ್ಭಕೋಶ ತೆಗೆದಾಗ ನನಗೆ 34. ವಿಪರೀತ ರಕ್ತಸ್ರಾವ ಆಗ್ತಿತ್ತು ನಿಜ. ಒಂದು ಖಾಸಗಿ ನರ್ಸಿಂಗ್ ಹೋಮಿಗೆ ಹೋದ್ರೆ ಸ್ಕ್ಯಾನ್ ಮಾಡಿ, "ಗೆಡ್ಡೆ ಇದೆ, ಇಟ್ಕೊಂಡ್ರೆ ನಾಳೆ ಕ್ಯಾನ್ಸರ್ ಆಗುತ್ತೆ" ಅಂದ್ರು. ಮಾತ್ರೆ ಇದೆಯಾ, ಬೇರೆ ದಾರಿ ಇದೆಯಾ, ಒಬ್ಬರೂ ಹೇಳಲಿಲ್ಲ. ಕೇಳಬೇಕು ಅಂತ ನನಗೂ ಹೊಳೀಲಿಲ್ಲ. ಅಮ್ಮನ ಓಲೆ ಗಿರವಿ ಇಟ್ಟು ದುಡ್ಡು ಕಟ್ಟಿದ್ವಿ. ಮೂರೇ ದಿನಕ್ಕೆ ಮನೆ. ನಮ್ಮ ಅಕ್ಕನಿಗೆ ಅದಕ್ಕೂ ಮುಂಚೆ, 29ಕ್ಕೇ ಆಗಿತ್ತು. ನಮ್ಮ ಕಾಲೋನಿಯಲ್ಲಿ ಎಣಿಸಿ ನೋಡಿದ್ರೆ ಒಂದೊಂದು ಸಾಲಲ್ಲೂ ಇಬ್ಬರು ಮೂವರು ಸಿಗ್ತಾರೆ. ಇದು ನಮ್ಮೂರಿನ ಕತೆ ಮಾತ್ರ ಆಗಿದ್ರೆ ಹಣೆಬರಹ ಅಂತ ಸುಮ್ಮನಾಗ್ತಿದ್ದೆನೋ ಏನೋ. ಕಲಬುರಗಿ ಕಡೆಯ ಲಂಬಾಣಿ ತಾಂಡಾಗಳಲ್ಲಿ ಇದೇ ನಡೆದು ಹೆಣ್ಣುಮಕ್ಕಳು ಬೀದಿಗಿಳಿದಿದ್ದು ನಿಮಗೆ ನೆನಪಿರಬಹುದು. ಮಹಾರಾಷ್ಟ್ರದ ಬೀಡ್‌ನಲ್ಲಿ ಕಬ್ಬು ಕಡಿಯೋ ಹೆಂಗಸರದ್ದೂ ಇದೇ ಕತೆ. ಬಿಹಾರ, ಛತ್ತೀಸ್‌ಗಢ, ರಾಜಸ್ಥಾನದ ದೂರುಗಳ ಮೇಲೆ 2023ರಲ್ಲಿ ಸುಪ್ರೀಂ ಕೋರ್ಟ್, ಬೇಡದ ಗರ್ಭಕೋಶದ ಆಪರೇಷನ್ ತಡೆಯೋಕೆ ಕೇಂದ್ರದ ಮಾರ್ಗಸೂಚಿಯನ್ನ ಎಲ್ಲಾ ರಾಜ್ಯಗಳೂ ಮೂರು ತಿಂಗಳಲ್ಲಿ ಜಾರಿ ಮಾಡಬೇಕು ಅಂತ ಹೇಳ್ತು.

ಆಪರೇಷನ್ ಆಗಿ ಕೆಲವು ತಿಂಗಳಿಗೇ ಮೈಯೆಲ್ಲಾ ಬೆಂಕಿ. ಡಿಸೆಂಬರ್ ಚಳಿಯಲ್ಲೂ ರಾತ್ರಿ ಎದ್ದು ಫ್ಯಾನ್ ಹಾಕ್ತಿದ್ದೆ. ಕೆಳಗೆ ಒಣಗಿ ಮರಳು ಸವರಿದ ಹಾಗೆ. ಗಂಡ ಹತ್ರ ಬಂದ್ರೆ ಉರಿ. ಆತ ಕೆಟ್ಟ ಮನುಷ್ಯ ಅಲ್ಲ, ಒಂದಿನ ಹೊಡೆದೋನಲ್ಲ. ಆದರೆ ಒಂದು ಸಲ ಸುಮ್ಮನೆ ಮಾತಿಗೆ, "ಇನ್ನೇನು ಬಿಡು, ಅಂಗಡಿ ಬಾಗಿಲು ಹಾಕಿದ್ದಾಯ್ತಲ್ಲ" ಅಂದ. ತಮಾಷೆಗೇ ಅಂದಿದ್ದು. ನಾನೂ ಅದನ್ನೇ ನಂಬಿಬಿಟ್ಟೆ. ಬೇರೆ ಬೇರೆ ಕಾರಣಕ್ಕೆ ನಾವು ಬೇರೆಯಾಗಿ ಐದು ವರ್ಷ ಆಯ್ತು. ಈಗ ನಾನೂ ಅಕ್ಕನೂ ಒಂದೇ ರೂಮಿನ ಬಾಡಿಗೆ ಮನೇಲಿ ಇದ್ದೀವಿ.

ಹೋದ ವರ್ಷ ಜಿಲ್ಲಾಸ್ಪತ್ರೆಗೆ ಒಬ್ಬ ಲೇಡಿ ಡಾಕ್ಟರ್ ಬಂದ್ರು. ಬೇರೆ ಯಾರದ್ದೋ ಕೆಲಸಕ್ಕೆ ಹೋಗಿದ್ದಾಗ ಮಾತಿಗೆ ಮಾತು ಬಂದು ನನ್ನ ಹಳೇ ಡಿಸ್ಚಾರ್ಜ್ ಪೇಪರ್ ತೋರಿಸಿದೆ. ಓದಿ ಕನ್ನಡಕ ತೆಗೆದು, "ಎರಡೂ ಅಂಡಾಶಯ ತೆಗೆದಿದ್ದಾರೆ, ನಿಮಗೆ ಗೊತ್ತಿದೆಯಲ್ವಾ?" ಅಂದ್ರು. ಗೊತ್ತಿರಲಿಲ್ಲ. ಏಳು ವರ್ಷ ಗೊತ್ತಿರಲಿಲ್ಲ ನನಗೆ, ನನ್ನ ಹೊಟ್ಟೆಯೊಳಗೆ ಏನಿದೆ ಏನಿಲ್ಲ ಅಂತ. ಅಂಡಾಶಯ ಹೋದ್ರೆ ಹಾರ್ಮೋನ್ ಒಂದೇ ದಿನಕ್ಕೆ ನಿಲ್ಲುತ್ತಂತೆ. ಬೇರೆ ಹೆಂಗಸರಿಗೆ ಐವತ್ತರ ಹತ್ರ ನಿಧಾನವಾಗಿ ಬರೋ ಮುಟ್ಟು ನಿಲ್ಲೋ ಕಷ್ಟ ನನಗೆ 34ಕ್ಕೇ ಧಡಕ್ಕನೆ ಬಂದು ಕೂತಿತ್ತು. ಆ ಡಾಕ್ಟರ್ ಹಚ್ಚಿಕೊಳ್ಳೋಕೆ ಈಸ್ಟ್ರೋಜನ್ ಕ್ರೀಮ್ ಬರೆದುಕೊಟ್ರು. ಎದುರಿಗೆ ನರ್ಸ್ ಇಲ್ಲದ ಹೊತ್ತು ನೋಡಿ ನಾನೂ ಕೇಳೇಬಿಟ್ಟೆ, "ಮೇಡಂ, ಸುಖ ಅಂತ ಏನಾದ್ರೂ ಉಳಿದಿರುತ್ತಾ?"

ಅವರು ನಗಲಿಲ್ಲ. ಒಂದು ಹಾಳೆ ತಗೊಂಡು ಚಿತ್ರ ಬರೆದ್ರು. ನಾವು ಹೊರಗೆ ಕಾಳಿನಷ್ಟು ನೋಡೋ ಕ್ಲಿಟೋರಿಸ್ ಬರೀ ತುದಿ ಅಂತೆ. ಅದರ ಬೇರು, ಕವಲು ಎಲ್ಲಾ ಒಳಗಿದೆ, ಯೋನಿಯ ಎರಡೂ ಪಕ್ಕ ಹಬ್ಬಿಕೊಂಡಿದೆ. ಗರ್ಭಕೋಶಕ್ಕೂ ಅದಕ್ಕೂ ಸಂಬಂಧ ಇಲ್ಲ, ಅದನ್ನ ತೆಗೆದ್ರೂ ಇದು ಇದ್ದಲ್ಲೇ ಇರುತ್ತೆ. ಕೆಲವರಿಗೆ ಮುಂಚಿನ ಹಾಗೆ ಇರಲ್ಲ, ಆದರೆ ಅಂಗಡಿ ಬಾಗಿಲು ಹಾಕೋದಿಲ್ಲ. ಮನೆಗೆ ಬಂದು ಫೋನಲ್ಲಿ ಹುಡುಕಿ ಓದಿದೆ. ಹೆಲೆನ್ ಓ'ಕಾನೆಲ್ ಅಂತ ಆಸ್ಟ್ರೇಲಿಯಾದ ಒಬ್ಬ ಸರ್ಜನ್, ಹೆಣ್ಣುಮಗಳು, 1998ರಲ್ಲಿ ಹೆಣಗಳನ್ನ ಬಿಡಿಸಿ ನೋಡಿ, ಪಠ್ಯಪುಸ್ತಕದಲ್ಲಿ ತೋರಿಸಿದ್ದಕ್ಕಿಂತ ಇದು ಎಷ್ಟೋ ದೊಡ್ಡದು ಅಂತ ಬರೆದ್ರಂತೆ. 1998! ಅಷ್ಟೊತ್ತಿಗೆ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟು ಇಪ್ಪತ್ತೊಂಬತ್ತು ವರ್ಷ ಆಗಿತ್ತು.

ಒಂದು ಮಾತು ಇಲ್ಲೇ ಹೇಳ್ತೀನಿ. ಈ ಅಂಗಗಳಿಗೆ ನಾವು ಬಾಯಿಬಿಟ್ಟು ಹೇಳೋ ಹೆಸರು ಎರಡೇ ಥರದವು. ಒಂದು ಸಂಸ್ಕೃತದ್ದು, ಇನ್ನೊಂದು ಬೈಗುಳದ್ದು. ಸಂಸ್ಕೃತದ್ದು ನಮಗೆ ಯಾರೂ ಕಲಿಸಲಿಲ್ಲ. ಬೈಗುಳದ್ದು ನಮ್ಮನ್ನ ಬೈಯೋಕೇ ಬಳಸಿದ್ರು. ನಮ್ಮವ್ವ, ಅಜ್ಜಿ ಎಲ್ಲಾ "ಕೆಳಗೆ" ಅಂತಲೇ ಹೇಳ್ಕೊಂಡು ಜೀವನ ಮುಗಿಸಿದ್ರು. ಹಾಗಾಗಿ ನಾನು ಇಂಗ್ಲಿಷ್ ಪದವನ್ನೇ ಬಳಸ್ತೀನಿ. ಕನ್ನಡ ಅಭಿಮಾನಿಗಳು ಕ್ಷಮಿಸಿ.

ಈಗ ವಸ್ತುವಿನ ವಿಷಯಕ್ಕೆ ಬರೋಣ. ಕಂಪನಿ ಹೆಸರು ಹಾಕಲ್ಲ, ನಾನು ಯಾರ ಜಾಹೀರಾತೂ ಮಾಡ್ತಿಲ್ಲ. ಬೆಲೆ 1,099 ರೂಪಾಯಿ. ವೆಬ್‌ಸೈಟಲ್ಲಿ "ಕೈಗೆಟುಕುವ ಬೆಲೆ" ಅಂತಿತ್ತು. ಯಾರ ಕೈಗೆ? 2025-26ರಲ್ಲಿ ನಮ್ಮ ರಾಜ್ಯದ ನರೇಗಾ ಕೂಲಿ ದಿನಕ್ಕೆ 370 ಇತ್ತು. ಅಂದ್ರೆ ಮೂರು ದಿನ ಗುಂಡಿ ತೋಡಬೇಕಿತ್ತು. ಇದರ ಐದು ಪಟ್ಟು, ಹತ್ತು ಪಟ್ಟು ಬೆಲೆಯವೂ ಇದ್ದವು. ತೀರಾ ಅಗ್ಗದ್ದು 300ಕ್ಕೂ ಸಿಗ್ತಿತ್ತು. ಆದರೆ ಅದು ಮೆತ್ತನೆಯ ಜೆಲ್ಲಿ ಥರದ್ದು, ಯಾವುದರಿಂದ ಮಾಡಿದ್ದು ಅಂತ ಪೆಟ್ಟಿಗೆ ಮೇಲೆ ಬರೆದೇ ಇರಲಿಲ್ಲ. ಅಂಥವುಗಳಲ್ಲಿ ಕಣ್ಣಿಗೆ ಕಾಣದ ತೂತುಗಳಿರುತ್ತವೆ, ಎಷ್ಟು ತೊಳೆದ್ರೂ ಕೊಳೆ ಒಳಗೇ ಉಳಿಯುತ್ತೆ. ಸಿಲಿಕೋನ್ ಆದ್ರೆ ಹಾಗಲ್ಲ. ಇಲ್ಲಿ ಮಾತ್ರ ಚೌಕಾಸಿ ಮಾಡಬೇಡಿ. ಬಣ್ಣ, ಡಿಸೈನು, ಪೆಟ್ಟಿಗೆ, ಇವು ಯಾವುದಕ್ಕೂ ದುಡ್ಡು ಕೊಡಬೇಕಿಲ್ಲ. ಮೇಲಿನ ಹೊದಿಕೆ ಸಿಲಿಕೋನಾ ಅಂತ ನೋಡೋಕೆ ಕೊಡಿ.

ಪಾರ್ಸೆಲ್ ತರಿಸೋದೇ ಒಂದು ಹೋರಾಟ. ನಮ್ಮ ವಿಳಾಸದಲ್ಲಿ "ಅಂಬೇಡ್ಕರ್ ನಗರ" ಅಂತಿದೆ. ಎಷ್ಟೋ ಸಲ ಡೆಲಿವರಿಯವರು ಒಳಗೇ ಬರಲ್ಲ, "ಮೇನ್ ರೋಡಿಗೆ ಬನ್ನಿ" ಅಂತ ಫೋನ್ ಮಾಡ್ತಾರೆ. ಈ ಸಲ ಬಂದ ಹುಡುಗ ನಮ್ಮ ಕಾಲೋನಿಯವನೇ, ನನ್ನ ಭಾಷಣಕ್ಕೆ ಚಪ್ಪಾಳೆ ಹೊಡೆಯೋನು. "ಪುಸ್ತಕನಾ ಅಕ್ಕ?" ಅಂದ. ಹೂಂ ಅಂದೆ. ಪೆಟ್ಟಿಗೆ ಮೇಲೆ ಏನೂ ಬರೆದಿರಲಿಲ್ಲ, ಬಿಲ್ಲಲ್ಲಿ "ಬಾಡಿ ಮಸಾಜರ್" ಅಂತಿತ್ತು. ಇದು ಕಾನೂನಿನ ಭಯ. ಅಶ್ಲೀಲ ವಸ್ತು ಮಾರೋದು ಅಪರಾಧ ಅಂತ ಕಾನೂನಿದೆ, ಹಾಗಾಗಿ ಅಂಗಡಿಯವರೂ ಮುಸುಕು ಹಾಕ್ಕೊಂಡೇ ಮಾರ್ತಾರೆ. ಆದರೆ ಲೈಂಗಿಕತೆಗೆ ಸಂಬಂಧಪಟ್ಟಿದ್ದು ಅನ್ನೋ ಒಂದೇ ಕಾರಣಕ್ಕೆ ವಸ್ತು ಅಶ್ಲೀಲ ಆಗಲ್ಲ ಅಂತ ಕಲ್ಕತ್ತಾ ಹೈಕೋರ್ಟ್ 2011ರಲ್ಲೇ ಹೇಳಿದೆ. 2024ರಲ್ಲಿ ಬಾಂಬೆ ಹೈಕೋರ್ಟಲ್ಲೂ ಕಸ್ಟಮ್ಸ್‌ನವರು ಹಿಡಿದಿಟ್ಟ ಬಾಡಿ ಮಸಾಜರ್ ಕೇಸು ಬಂದು, ಕಸ್ಟಮ್ಸ್‌ನವರೇ ಸೋತರು. ಮನೇಲಿಟ್ಕೊಂಡು ಬಳಸೋಕೆ ನೀವು ಹೆದರಬೇಕಿಲ್ಲ.

ನೋಡೋಕೆ ಹೇಗಿದೆ? ಒಂದು ಗೇಣಿಗೆ ಸ್ವಲ್ಪ ಕಮ್ಮಿ. ತುದಿ ಸ್ವಲ್ಪ ದಪ್ಪ, ಮೇಲಕ್ಕೆ ಬಾಗಿದೆ. ಆ ಬಾಗು ಸುಮ್ಮನೆ ಅಂದಕ್ಕಲ್ಲ. ಒಳಗಿನ ಮುಂಭಾಗದ ಗೋಡೆಗೆ, ಅಂದ್ರೆ ಹೊಕ್ಕುಳ ಕಡೆಗೆ ಇರೋ ಗೋಡೆಗೆ ತಾಗಲಿ ಅಂತ. ಅದನ್ನೇ ಜಿ-ಸ್ಪಾಟ್ ಅಂತಾರೆ. ಗ್ರಾಫೆನ್‌ಬರ್ಗ್ ಅನ್ನೋ ಜರ್ಮನ್ ಡಾಕ್ಟರ್ 1950ರಲ್ಲಿ ಅದರ ಬಗ್ಗೆ ಬರೆದಿದ್ದಕ್ಕೆ ಅವರ ಹೆಸರಿನ ಮೊದಲಕ್ಷರ ಅದಕ್ಕೆ ಅಂಟಿಕೊಂಡಿದೆ. (ನಮ್ಮ ಮೈಮೇಲೂ ಗಂಡಸರ ಹೆಸರಿನ ಬೋರ್ಡು!) ಅಲ್ಲೊಂದು ಬಟನ್ ಇದೆ, ಒತ್ತಿದ್ರೆ ಲೈಟ್ ಹತ್ತುತ್ತೆ ಅಂತ ತಿಳ್ಕೋಬೇಡಿ. ಬೇರೆ ಅಂಗ ಅಂತ ಏನೂ ಇಲ್ಲ. ಡಾಕ್ಟರ್ ಬರೆದ ಚಿತ್ರದ ಆ ಬೇರುಗಳು ಅಲ್ಲಿ ಹತ್ತಿರದಲ್ಲಿ ಹಾದು ಹೋಗ್ತವೆ, ಮೂತ್ರದ ನಾಳವೂ ಅಲ್ಲೇ ಇದೆ. ಅದಕ್ಕೇ ಮೊದಲು ಮೂತ್ರ ಬಂದ ಹಾಗೆ ಅನ್ನಿಸುತ್ತೆ. ನಾನು ಎರಡು ಸಲ ಎದ್ದು ಬಚ್ಚಲಿಗೆ ಹೋಗಿ ವಾಪಸ್ ಬಂದೆ. ಮೊದಲೇ ಹೋಗಿಬಂದ್ರೆ ಆ ಅನುಮಾನ ಇರಲ್ಲ.

ಮೊದಲ ದಿನ ಪೂರ್ತಿ ಫೇಲು. ಅಕ್ಕ ಮದುವೆಗೆ ಹೋಗಿದ್ಲು, ಮನೆ ಖಾಲಿ, ಬಾಗಿಲು ಹಾಕಿ ಚಿಲಕ ಮೂರು ಸಲ ನೋಡ್ಕೊಂಡೆ. ಪೆಟ್ಟಿಗೆ ತೆಗೆದ್ರೆ ಹೊಸ ಚಪ್ಪಲಿ ಥರ ವಾಸನೆ. ಸೋಪು ನೀರಲ್ಲಿ ತೊಳೆದೆ, ಆಮೇಲೆ ವಾಸನೆ ಹೋಯ್ತು. ಆದರೆ ಆತುರ, ಭಯ, ಮೈ ಒಣಕಲು. ಉರಿ ಬಂತು. ದುಡ್ಡು ದಂಡ ಅಂತ ಬೈಕೊಂಡು ಎತ್ತಿಟ್ಟೆ.

ಎರಡನೇ ಸಲಕ್ಕೆ ಮೆಡಿಕಲ್ ಶಾಪಿಂದ ಜೆಲ್ ತಂದೆ. 180 ರೂಪಾಯಿ. ಅಂಗಡಿ ಹುಡುಗನ ಹತ್ರ ಹೆಸರು ಹೇಳೋಕಾಗದೆ ಬೆರಳು ತೋರಿಸಿದೆ, ಆತ ಪೇಪರಲ್ಲಿ ಸುತ್ತಿ ಕೊಟ್ಟ, ಪ್ಯಾಡ್ ಸುತ್ತಿ ಕೊಡ್ತಾರಲ್ಲ ಹಾಗೆ. ಇದನ್ನ ಬೆಲೆಗೆ ಸೇರಿಸಿಕೊಳ್ಳಿ, ಅಂದ್ರೆ ಒಟ್ಟು 1,279. ಜೆಲ್ ಇಲ್ಲದೆ ನನ್ನಂಥವರಿಗೆ, ಅಂದ್ರೆ ಆಪರೇಷನ್ ಆದವರಿಗೆ, ಮುಟ್ಟು ನಿಂತವರಿಗೆ, ಈ ವಸ್ತು ಯಾವ ಪ್ರಯೋಜನಕ್ಕೂ ಬರಲ್ಲ. ನೀರಿನಿಂದ ಮಾಡಿದ ಜೆಲ್ಲೇ ತಗೊಳ್ಳಿ. ಸಿಲಿಕೋನ್ ಜೆಲ್ ಅಂತ ಬೇರೆ ಬರುತ್ತೆ, ಅದು ಈ ಸಿಲಿಕೋನ್ ಹೊದಿಕೆಯನ್ನ ಹಾಳು ಮಾಡಬಹುದು. ಕೊಬ್ಬರಿ ಎಣ್ಣೆ ನಡೆಯುತ್ತಾ ಅಂತ ಕೇಳ್ತೀರಿ, ಗೊತ್ತು. ಕಾಂಡೋಮ್ ಬಳಸೋರು ಎಣ್ಣೆ ಮುಟ್ಟಲೇಬೇಡಿ, ರಬ್ಬರ್ ಸಡಿಲಾಗಿ ಹರಿಯುತ್ತೆ.

ಎರಡನೇ ಸಲ ನೋವಾಗಲಿಲ್ಲ. ಅದೇ ದೊಡ್ಡ ವಿಷಯ ನನಗೆ. ಏಳು ವರ್ಷದಲ್ಲಿ ಮೊದಲ ಸಲ ಆ ಜಾಗದಲ್ಲಿ ಏನೋ ಇದ್ದು ನೋವಾಗಲಿಲ್ಲ.

ಇನ್ನು ಮೂರನೇ ಸಲ. ಅದನ್ನ ವರ್ಣಿಸಲ್ಲ, ಅದು ನನ್ನದು. ಒಳಗಿನದ್ದು ಒಂದರಿಂದಲೇ ಆಗಲಿಲ್ಲ ಅನ್ನೋದಷ್ಟೇ ಹೇಳ್ತೀನಿ, ಹೊರಗೂ ಕೈ ಬೇಕಾಯ್ತು. ಬಹಳಷ್ಟು ಹೆಂಗಸರಿಗೆ ಬರೀ ಒಳಗಿನದ್ದು ಸಾಕಾಗಲ್ಲ. ಇದನ್ನ ಯಾರಾದ್ರೂ ನನಗೆ ಇಪ್ಪತ್ತನೇ ವಯಸ್ಸಿಗೆ ಹೇಳಿದ್ರೆ ಮದುವೆಯ ಅಷ್ಟೂ ವರ್ಷ "ನನ್ನಲ್ಲೇ ಏನೋ ಐಬು" ಅಂತ ಅಂದ್ಕೋತಿರಲಿಲ್ಲ. ಆಮೇಲೆ ತುಂಬಾ ಹೊತ್ತು ಅತ್ತೆ. ಖುಷಿಗೂ ಅಲ್ಲ, ದುಃಖಕ್ಕೂ ಅಲ್ಲ. ಕಳೆದುಹೋಗಿದೆ ಅಂತ ಕಂಪ್ಲೇಂಟ್ ಕೊಟ್ಟು ಮರೆತಿದ್ದ ಸಾಮಾನು ಮನೆಯ ಅಟ್ಟದ ಮೇಲೇ ಸಿಕ್ಕಿದ ಹಾಗೆ.

ದೋಷಗಳು ಬೇಕಾದಷ್ಟಿವೆ. ಒಂದೇ ಬಟನ್, ಹತ್ತು ಥರದ ಕಂಪನ. ಅದರಲ್ಲಿ ಎಂಟು ಡೋಲು ಬಡಿದ ಹಾಗೆ ಇವೆ, ಯಾರಿಗೆ ಬೇಕೋ ಗೊತ್ತಿಲ್ಲ. ಸರಿಯಾಗಿರೋದು ಮೊದಲ ಎರಡು. ಬೆರಳು ತಪ್ಪಿ ತಗುಲಿದ್ರೆ ಮತ್ತೆ ಪೂರ್ತಿ ಸುತ್ತು ಹಾಕ್ಕೊಂಡು ಬರಬೇಕು. ನಿಲ್ಲಿಸೋಕೆ ಮೂರು ಸೆಕೆಂಡ್ ಒತ್ತಿ ಹಿಡೀಬೇಕು, ಯಾರೋ ಬಾಗಿಲು ತಟ್ಟಿದಾಗ ಆ ಮೂರು ಸೆಕೆಂಡ್ ಎಷ್ಟು ಉದ್ದ ಅಂತ ನನ್ನನ್ನ ಕೇಳಿ. ಕಂಪನ ಆಳಕ್ಕೆ ಇಳಿಯಲ್ಲ, ಮೇಲ್ಮೇಲೆ ಜುಂ ಅನ್ನುತ್ತೆ. ಹತ್ತು ಹದಿನೈದು ನಿಮಿಷಕ್ಕೆ ಹಿಡಿದ ಕೈಯೇ ಮರಗಟ್ಟುತ್ತೆ. ದುಬಾರಿಯದ್ದರಲ್ಲಿ ಮೋಟರ್ ಚೆನ್ನಾಗಿರುತ್ತಂತೆ. ಚಾರ್ಜ್ ಮಾಡೋ ತೂತಿಗೆ ಮುಚ್ಚಳ ಸಡಿಲ, ಹಾಗಾಗಿ ನಲ್ಲಿ ಕೆಳಗೆ ಹಿಡಿಯಲ್ಲ, ಒದ್ದೆ ಬಟ್ಟೆಗೆ ಸೋಪು ಹಾಕಿ ಒರೆಸಿ, ಮತ್ತೆ ಬರೀ ನೀರಲ್ಲಿ ಒರೆಸಿ, ಒಣಗಿಸಿ ಇಡ್ತೀನಿ. ಫೋನ್ ಚಾರ್ಜರ್ ಸಾಕು, ಒಂದೂವರೆ ಗಂಟೆ ಹಾಕಿದ್ರೆ ಮುಕ್ಕಾಲು ಗಂಟೆ ಬರುತ್ತೆ.

ಸದ್ದಿನ ವಿಷಯಕ್ಕೆ ಬಂದ್ರೆ, ಪೆಟ್ಟಿಗೆ ಮೇಲೆ "ನಿಶ್ಶಬ್ದ" ಅಂತ ಬರೆದಿದ್ದಾರೆ. ಅದನ್ನ ಬರೆದೋರು ಒಂದೇ ಗೋಡೆಯ ಎರಡು ಮನೆಗಳಲ್ಲಿ ಯಾವತ್ತೂ ಇದ್ದೋರಲ್ಲ. ನಮ್ಮ ಮನೇಲಿ ಪಕ್ಕದ ಮನೆಯವರು ಒಗ್ಗರಣೆ ಹಾಕಿದ್ರೆ ನಮಗೆ ಸೀನು ಬರುತ್ತೆ. ಸಂಜೆ ಸೀರಿಯಲ್ ಹೊತ್ತೇ ಸುರಕ್ಷಿತ. ಒಂದಿನ ಚಾರ್ಜಿಗೆ ಹಾಕೋವಾಗ ಬಟನ್ ಒತ್ತಿಹೋಗಿ ಟ್ರಂಕ್ ಮೇಲೆ ಗುಯ್ ಅಂತ ಕುಣಿಯೋಕೆ ಶುರು ಮಾಡ್ತು. ಅಕ್ಕ ರೊಟ್ಟಿ ತಟ್ತಾ, "ಏನೇ ಅದು?" ಅಂದ್ಲು. "ಬೆನ್ನುನೋವಿನ ಮಿಷನ್" ಅಂದೆ. "ನಂಗೂ ಕೊಡೇ, ಸೊಂಟಕ್ಕೆ ಇಟ್ಕೋತೀನಿ" ಅಂದ್ಲು. ನಾನು ಉತ್ತರ ಕೊಡದೆ ನಗೋಕೆ ಶುರು ಮಾಡಿದೆ. ಅವಳು ನನ್ನ ಮುಖ ನೋಡಿದ್ಲು. ರೊಟ್ಟಿ ಮಗುಚಿ ಹಾಕಿ, "ಚಿಕ್ಕವಳಿಂದ್ಲೂ ನಿಂಗೆ ಸುಳ್ಳು ಹೇಳೋಕೆ ಬರಲ್ಲ" ಅಂದ್ಲು. ಅಷ್ಟೇ. ಈಗ ಅದು ಟ್ರಂಕಿನೊಳಗೆ, ನಮ್ಮಪ್ಪನ ದರಖಾಸ್ತು ಜಮೀನಿನ ಪಿಟಿಸಿಎಲ್ ಕೇಸಿನ ಫೈಲ್ ಕೆಳಗೆ ಇರುತ್ತೆ. ಆ ಫೈಲನ್ನ ನಾನು ಬಿಟ್ಟು ಬೇರೆ ಯಾರೂ ಮುಟ್ಟಲ್ಲ.

ಈ ಪೋಸ್ಟ್ ಬಗ್ಗೆ ಮೊದಲು ಹೇಳಿದ್ದು ಇಬ್ಬರು ಸಂಗಾತಿಗಳಿಗೆ. ಒಬ್ಬರು, "ಇದೆಲ್ಲಾ ಮೇಲ್ಜಾತಿ ಇಂಗ್ಲಿಷ್ ಹೆಂಗಸರ ವಿಷಯ, ನಮಗೆ ಅನ್ನ, ಭೂಮಿ, ಮೀಸಲಾತಿ ಸಾಲದಾ?" ಅಂದ್ರು. ಇನ್ನೊಬ್ಬರು, "ಪ್ರೊಫೈಲಲ್ಲಿ ಬಾಬಾಸಾಹೇಬರ ಫೋಟೋ ಇಟ್ಕೊಂಡು ಇದನ್ನ ಬರೀತೀಯಾ?" ಅಂದ್ರು.

ಎರಡನೆಯವರಿಗೆ ಮೊದಲು. ಮುಂಬೈನಲ್ಲಿ ರಘುನಾಥ ಧೋಂಡೋ ಕರ್ವೆ ಅಂತ ಒಬ್ಬರಿದ್ರು. ಗಣಿತದ ಮೇಷ್ಟ್ರು. 1927ರಿಂದ "ಸಮಾಜ ಸ್ವಾಸ್ಥ್ಯ" ಅಂತ ಮರಾಠಿ ಪತ್ರಿಕೆ ನಡೆಸಿದ್ರು, ಸಂತಾನ ನಿಯಂತ್ರಣ, ಲೈಂಗಿಕ ಆರೋಗ್ಯದ ಬಗ್ಗೆ. ಓದುಗರು ಹಸ್ತಮೈಥುನದ ಬಗ್ಗೆ, ಸಲಿಂಗ ಪ್ರೇಮದ ಬಗ್ಗೆ ಪ್ರಶ್ನೆ ಕೇಳಿ ಬರೀತಿದ್ರು, ಇವರು ನೇರ ಉತ್ತರ ಕೊಡ್ತಿದ್ರು. ಸಂಪ್ರದಾಯಸ್ಥರು ಅಶ್ಲೀಲ ಅಂತ ಕೇಸ್ ಹಾಕಿಸಿದ್ರು. 1934ರಲ್ಲಿ ಆ ಕೇಸಲ್ಲಿ ಕರ್ವೆ ಪರ ಕೋರ್ಟಲ್ಲಿ ನಿಂತ ವಕೀಲರು ಯಾರು ಗೊತ್ತಾ? ಡಾ. ಬಿ. ಆರ್. ಅಂಬೇಡ್ಕರ್. ಆ ಹೊತ್ತಿಗೆ ಮಹಾಡ್ ಆಗಿತ್ತು, ದುಂಡು ಮೇಜಿನ ಪರಿಷತ್ತು ಆಗಿತ್ತು, ಪೂನಾ ಒಪ್ಪಂದ ಆಗಿತ್ತು, ಅವರಿಗೆ ಕೆಲಸ ಕಮ್ಮಿ ಇರಲಿಲ್ಲ. ಜನ ಲೈಂಗಿಕ ವಿಷಯದ ಬಗ್ಗೆ ಕೇಳಿದ್ದಕ್ಕೆ ತಿಳುವಳಿಕೆಯ ಉತ್ತರ ಕೊಡೋದು ಅಶ್ಲೀಲ ಹೇಗಾಗುತ್ತೆ ಅನ್ನೋದು ಅವರ ವಾದ. ಕೇಸ್ ಸೋತರು, ಕರ್ವೆಗೆ 200 ರೂಪಾಯಿ ದಂಡ ಬಿತ್ತು. ನನ್ನ ಪ್ರೊಫೈಲಲ್ಲಿರೋದು ಆ ವಕೀಲರ ಫೋಟೋನೇ ಅಣ್ಣಾ.

ಮೊದಲನೆಯವರ ಮಾತು ಅಷ್ಟು ಸುಲಭಕ್ಕೆ ತಳ್ಳಿಹಾಕೋಕಾಗಲ್ಲ. ಭೂಮಿ ಬೇಕು, ಹೌದು. ಆ ಫೈಲ್ ಇನ್ನೂ ಎಸಿ ಕೋರ್ಟಲ್ಲಿದೆ. ಆದರೆ ನಮ್ಮ ಹೆಣ್ಣುಮಕ್ಕಳ ಮೈಯಿಂದ ಸುಖ ತಗೊಂಡೋರು ಯಾರ್ಯಾರು ಅಂತ ನಮಗೆ ಗೊತ್ತಿಲ್ವಾ? ಬಾವಿ ಮುಟ್ಟಿದ್ರೆ ಮೈಲಿಗೆ ಆಗ್ತಿದ್ದ ಮೈ ರಾತ್ರಿ ಹೊತ್ತು ಗೌಡರ ತೋಟದಲ್ಲಿ ಮೈಲಿಗೆ ಆಗ್ತಿರಲಿಲ್ಲ. ದೇವರ ಹೆಸರಲ್ಲಿ ಮುತ್ತು ಕಟ್ಟಿ ಬಿಟ್ಟಿದ್ದೂ ನಮ್ಮವರನ್ನೇ, ಅದನ್ನ ನಿಷೇಧ ಮಾಡೋ ಕಾನೂನು ನಮ್ಮ ರಾಜ್ಯಕ್ಕೆ ಬಂದಿದ್ದು 1982ರಲ್ಲಿ. ಕೆಲಸಕ್ಕೆ ಬೇಕು ಈ ಮೈ, ಹೆರೋಕೆ ಬೇಕು, ಆಪರೇಷನ್ ಮಾಡಿ ಬಿಲ್ ಹಾಕೋಕೆ ಬೇಕು. ಇದರೊಳಗೆ ನನಗೆ ಅಂತ ಏನಿದೆ ಅಂತ ಕೇಳಿದ್ರೆ ಮಾತ್ರ ಅದು ಇಂಗ್ಲಿಷ್ ಹೆಂಗಸರ ವಿಷಯ ಆಗಿಬಿಡುತ್ತಾ? ಸಮುದಾಯ ಭವನದಲ್ಲಿ ಆ ಪ್ರಶ್ನೆ ಕೇಳಿದವಳು ಬೆಳಗ್ಗೆ ಐದಕ್ಕೆ ಪೊರಕೆ ಹಿಡಿಯೋಳು. ಅವಳಿಗೆ ಇಂಗ್ಲಿಷ್ ಬರಲ್ಲ.

ಕೆಲವು ಎಚ್ಚರಿಕೆಗಳು, ಆಪರೇಷನ್ ಆದವರಿಗೆ. ಕನಿಷ್ಠ ಆರು ವಾರ, ಅದೂ ಡಾಕ್ಟರ್ ಪರೀಕ್ಷೆ ಮಾಡಿ ಒಳಗಿನ ಹೊಲಿಗೆ ಮಾಗಿದೆ ಅಂತ ಹೇಳೋವರೆಗೂ, ಏನನ್ನೂ ಒಳಗೆ ಹಾಕಬೇಡಿ. ಮೇಲ್ತುದಿಯಲ್ಲಿ ಹೊಲಿದಿರ್ತಾರೆ, ಆಮೇಲೂ ಆಳಕ್ಕೆ ನೂಕಬೇಡಿ, ಈ ವಸ್ತು ತಾಗಬೇಕಾಗಿರೋ ಜಾಗ ಬಾಗಿಲ ಹತ್ರಾನೇ ಇದೆ. ರಕ್ತ ಬಂದ್ರೆ, ನೋವು ಬಿಡದಿದ್ರೆ ಡಾಕ್ಟರ್ ಹತ್ರ ಹೋಗಿ. ಒಬ್ಬರು ಬಳಸಿದ್ದನ್ನ ಇನ್ನೊಬ್ಬರು ಬಳಸೋದು ಬೇಡ, ಎಷ್ಟೇ ಅಕ್ಕತಂಗಿ ಆಗಿರಲಿ. ನಿಮ್ಮ ಡಿಸ್ಚಾರ್ಜ್ ಪೇಪರ್ ಹುಡುಕಿ ತೆಗೆದು ಸರ್ಕಾರಿ ಡಾಕ್ಟರ್ ಹತ್ರ ಓದಿಸಿಕೊಳ್ಳಿ, ಏನೇನು ತೆಗೆದಿದ್ದಾರೆ ಅಂತ. ವೈಬ್ರೇಟರ್ ತಗೊಳ್ಳದಿದ್ರೂ ಪರವಾಗಿಲ್ಲ, ಈ ಕೆಲಸ ಮಾಡಿ.

1,099ಕ್ಕೆ ತಗೋಬಹುದಾ ಅಂದ್ರೆ, ಕೈಯಲ್ಲಿ ದುಡ್ಡಿದ್ರೆ ತಗೋಬಹುದು. ಸಾಲ ಮಾಡಿ ಬೇಡ. ಮೊದಲು 180ರ ಜೆಲ್ ತಗೊಂಡು ನಿಮ್ಮ ಕೈಯನ್ನೇ ನಂಬಿ ನೋಡಿ, ಅದು ಚಾರ್ಜೂ ಕೇಳಲ್ಲ, ಸದ್ದೂ ಮಾಡಲ್ಲ.

ನಿನ್ನೆ ಆ ಹೆಣ್ಣುಮಗಳಿಗೆ ಫೋನ್ ಮಾಡಿದ್ದೆ. "ಅವತ್ತು ನೀನು ಕೇಳಿದ್ಯಲ್ಲಮ್ಮ, ಅದು ಕಾಯಿಲೆ ಅಲ್ಲ" ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಕಸದ ಆಟೋ ಹಾಡು ಮಾತ್ರ ಕೇಳಿಸ್ತಿತ್ತು. ಆಮೇಲೆ, "ನಮ್ಮ ಲೈನಲ್ಲಿ ಇನ್ನೂ ನಾಲ್ಕು ಜನ ಇದಾರೆ ಅಕ್ಕ, ಭಾನುವಾರ ಬರ್ತೀಯಾ?" ಅಂದ್ಲು.

ಭಾನುವಾರ ಹೋಗ್ತಿದ್ದೀನಿ. ಆ ಡಾಕ್ಟರ್ ಬರೆದುಕೊಟ್ಟ ಚಿತ್ರ ಇಟ್ಕೊಂಡಿದ್ದೀನಿ, ದೊಡ್ಡದು ಮಾಡಿ ನಾಲ್ಕೈದು ಜೆರಾಕ್ಸ್ ಮಾಡಿಸಬೇಕು. ಕನ್ನಡದಲ್ಲಿ ಹೆಸರು ಬರೆದು ಚಂದ ಮಾಡಿಕೊಡೋರು ಯಾರಾದ್ರೂ ಇದ್ರೆ ಕಾಮೆಂಟಲ್ಲಿ ತಿಳಿಸಿ. ಹೆಣ್ಣುಮಕ್ಕಳು ಏನು ಬೇಕಾದ್ರೂ ಕೇಳಿ, ಗೊತ್ತಿದ್ದಷ್ಟು ಹೇಳ್ತೀನಿ. ಗಂಡಸರು ಓದಿ, ಶೇರ್ ಮಾಡಿ, ಇನ್‌ಬಾಕ್ಸಿಗೆ ಮಾತ್ರ ಬರಬೇಡಿ.

ಜೈ ಭೀಮ್.